ಅವ್ವ ಕೊಟ್ಟ ಸಾಕ್ಷಿ

ಕುಮಾಸಿ
9 ಫೆಬ್ರವರಿ 1999

ಅಣ್ಣನಿಗೆ ದುಫಿಯ ನಮಸ್ಕಾರಗಳು.

ಅವ್ವನ ಮೊಣಕಾಲು ನೋವು ಕಡಿಮೆಯಾಗಿದೆ ಎಂದು ಡ್ರೈವರ್ ಆಟಾ ಹೇಳಿದ. ನಿಮ್ಮ ಕೆಮ್ಮು ಕಡಿಮೆಯಾಗಿಲ್ಲ ಎಂದೂ ಹೇಳಿದ. ನಾನು ಚೆನ್ನಾಗಿದ್ದೇನೆ. ಭಟ್ಟಿ ಉರಿಯುತ್ತಿದೆ, ಬ್ರೆಡ್ಡು ಸಂಜೆಗೆ ಮುಂಚೆಯೇ ಖಾಲಿಯಾಗುತ್ತಿದೆ.

ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. ನಾನೊಂದು ಮಗುವನ್ನು ದತ್ತು ತೆಗೆದುಕೊಳ್ಳುತ್ತಿದ್ದೇನೆ. ಅರ್ಜಿ ಹಾಕಿ ಆಯಿತು. ಎರಡೂವರೆ ವರ್ಷದ ಹೆಣ್ಣು. ಹೊಕ್ಕುಳು ಒಣಗದ ಕೂಸಾಗಿದ್ದಾಗ ಇಲ್ಲಿನ ಲಾರಿ ನಿಲ್ದಾಣದಲ್ಲಿ ಗೆಣಸಿನ ಮೂಟೆಗಳ ನಡುವೆ ಸಿಕ್ಕಿದ್ದಳು. ಸಿಕ್ಕಿದ್ದು ಬುಧವಾರ, ಅದಕ್ಕೆ ಅನಾಥಾಲಯದವರು ಅಕುವಾ ಎಂದು ಕರೆದರು. ಹುಟ್ಟಿದ ವಾರ ಯಾವುದೋ ದೇವರಿಗೇ ಗೊತ್ತು.

ಮಗು ಕೊಡುವ ಮೊದಲು ಸರ್ಕಾರ ಮನೆ ನೋಡುತ್ತದಂತೆ. ಸಮಾಜ ಕಲ್ಯಾಣ ಕಚೇರಿಯಿಂದ ಶ್ರೀಮತಿ ಲಾಮ್ಟೆ ಎನ್ನುವವರು ಮೊನ್ನೆ ಬಂದಿದ್ದರು. ಕರಾವಳಿಯ ಗಾ ಜನದವರು, ನಮ್ಮ ಅಶಾಂತಿ ಜನರ ಮಾತನ್ನು ಕಲ್ಲು ಅಗಿದಂತೆ ಆಡುತ್ತಾರೆ. ಟೇಪ್ ಹಿಡಿದು ಮಲಗುವ ಕೋಣೆ ಅಳೆದರು. ಭಟ್ಟಿಗೂ ಅಂಗಳಕ್ಕೂ ನಡುವೆ ಬೇಲಿ ಯಾಕಿಲ್ಲ ಎಂದರು. ಬೇಲಿ ಸರಿ, ಮರುದಿನವೇ ಹಾಕಿಸಿದೆ. ಆಮೇಲೆ ಕೇಳಿದರು, "ಗಂಡ ಯಾಕೆ ಬಿಟ್ಟು ಹೋದ್ರು?"

"ಅವ್ರನ್ನೇ ಕೇಳಿ ಮೇಡಂ. ನನಗೆ ಮಕ್ಕಳಾಗಲ್ಲ ಅಂತ ಹೋದೋರು ಎರಡು ಮನೇಲಿ ಐದು ಮಕ್ಕಳು ಮಾಡಿದಾರೆ. ಐದರಲ್ಲಿ ಒಂದಕ್ಕೂ ಚಪ್ಪಲಿ ತಂದುಕೊಟ್ಟಿಲ್ಲ. ಅವ್ರ ಕೋಣೇನ ಯಾರೂ ಅಳೆಯೋಕೆ ಹೋಗ್ಲಿಲ್ಲ ನೋಡಿ," ಎಂದೆ. ಅದನ್ನೂ ಬರೆದುಕೊಂಡರು.

ಇನ್ನೆರಡು ಸಲ ಇಲ್ಲಿಗೆ ಬರುತ್ತಾರೆ. ಒಂದು ಸಲ ಊರಿಗೂ ಬರುತ್ತಾರೆ, ಏಕೆಂದರೆ ಈ ಮಗುವನ್ನು ನಮ್ಮ ಕುಲ ಒಪ್ಪುತ್ತದೆ ಎಂದು ಕುಲದ ಯಜಮಾನ ಬಾಯಿಬಿಟ್ಟು ಹೇಳಬೇಕು. ಯಜಮಾನರು ನೀವು. ಆಶೀರ್ವಾದ ಕೇಳುತ್ತಿಲ್ಲ. ಕೇಳಿದ್ದಕ್ಕೆ ಹೂಂ ಎಂದರೆ ಸಾಕು.

ನಿಮ್ಮ ತಂಗಿ
ದುಫಿ

*

ಅಸೆಮ್‌ಕ್ರೊಮ್
28 ಫೆಬ್ರವರಿ 1999

ತಂಗಿ ದುಫಿಗೆ ಆಶೀರ್ವಾದಗಳು.

ನಿನ್ನ ಪತ್ರ ಎರಡು ಸಲ ಓದಿದೆ. ಮೂವತ್ತೈದು ವರ್ಷ ಶಾಲೆಯಲ್ಲಿ ಮಕ್ಕಳ ಬರಹ ತಿದ್ದಿದವನು ನಾನು. ಇದರಲ್ಲಿ ತಿದ್ದಬೇಕಾದದ್ದು ಅಕ್ಷರವಲ್ಲ, ಆಲೋಚನೆ.

ಮಗು ಬೇಕೆಂದರೆ ನಮ್ಮವರು ಅರ್ಜಿ ಹಾಕುವುದಿಲ್ಲ ದುಫಿ. ನಿನ್ನ ಅಕ್ಕ ನ್ಯಾರ್ಕೊವಾಳ ಮನೆಯಲ್ಲಿ ಆರು ಮಕ್ಕಳಿವೆ, ಅಕ್ಕನ ಮಗು ನಿನ್ನದೇ ಮಗು. ಹೋಗಿ ಒಂದನ್ನು ಕೈಹಿಡಿದು ಕರೆದುಕೊಂಡು ಬಾ. ಯಾರೂ ಟೇಪ್ ಹಿಡಿದು ಬರುವುದಿಲ್ಲ.

ನಮ್ಮಲ್ಲಿ ಕುಲ ತಾಯಿಯಿಂದ ಬರುತ್ತದೆ. ತಾಯಿ ಯಾರೆಂದು ತಿಳಿಯದ ಮಗು ಯಾವ ಕುಲದ್ದು? ಯಾರ ಹೊಲದಲ್ಲಿ ಅದಕ್ಕೆ ಪಾಲು, ಯಾರ ಸಾವಿನಲ್ಲಿ ಅದಕ್ಕೆ ಕೂರುವ ಜಾಗ? ಇವತ್ತು ನೀನು ಮುದ್ದು ಮಾಡುತ್ತೀ. ಒಂದು ದಿನ ಯಾರೋ ಜಗಳದಲ್ಲಿ ಆ ಹುಡುಗಿಯ ಮುಖಕ್ಕೇ ಹೇಳುತ್ತಾರೆ. ಆಗ ನೀನು ಪಕ್ಕದಲ್ಲಿ ಇರುವುದಿಲ್ಲ. ಅವಳು ಆ ಮಾತನ್ನು ಯಾರಿಗೂ ಹೇಳದೆ ಹೊತ್ತುಕೊಂಡು ತಿರುಗುತ್ತಾಳೆ. ಅದರ ಭಾರ ನಿನಗೆ ತಿಳಿಯದು.

ನಿನ್ನ ಅಧಿಕಾರಿ ಬಂದರೆ ಬೇಡವೆಂದೇ ಹೇಳುತ್ತೇನೆ. ಬೇಸರ ಮಾಡಿಕೊಳ್ಳಬೇಡ.

ನಿನ್ನ ಅಣ್ಣ
ಕ್ವಾಕು ಅಜೆಕುಮ್

*

ಕುಮಾಸಿ
21 ಮಾರ್ಚ್ 1999

ಅಣ್ಣನಿಗೆ,

ಬೇಸರ ಮಾಡಿಕೊಂಡಿಲ್ಲ. ಸಿಟ್ಟು ಮಾಡಿಕೊಂಡಿದ್ದೇನೆ.

ಅಕ್ಕನ ಮಗು ನನ್ನದೇ ಎಂದಿರಿ. ಅವಳ ಮಗ ಓಸೆಯಿಯನ್ನು ಒಂಬತ್ತು ವರ್ಷ ಸಾಕಿದವಳು ನಾನು, ಮರೆತಿರಾ? ಜ್ವರ ಬಂದಾಗ ಅವನು ನನ್ನ ಮಗ. ಬಟ್ಟೆ ಹರಿದಾಗ ನನ್ನ ಮಗ. ಪರೀಕ್ಷೆಯಲ್ಲಿ ಮೊದಲನೆಯವನಾಗಿ ಬಂದ ವಾರ ಅಕ್ಕ ಬಂದು, "ನನ್ನ ಮಗನ ಪೆಟ್ಟಿಗೆ ಎಲ್ಲಿದೆ?" ಎಂದಳು. ನಾನೇ ಪೆಟ್ಟಿಗೆ ಕಟ್ಟಿಕೊಟ್ಟೆ. ಅವನ ತಟ್ಟೆಯನ್ನು ಬೇರೆಯವರಿಗೆ ಇಡಲು ನನಗೆ ಒಂದು ವರ್ಷ ಬೇಕಾಯಿತು. ಎರವಲು ಮಗು ನನಗೆ ಬೇಡ ಅಣ್ಣ. ಯಾರೂ ವಾಪಸು ಕೇಳಲಾಗದ ಮಗು ಬೇಕು. ಅದಕ್ಕೆ ಸರ್ಕಾರದ ಮೊಹರು ಬೇಕೆಂದರೆ ನನ್ನ ಹಣೆಗೇ ಒತ್ತಲಿ.

ಎರಡನೇ ತನಿಖೆ ಮುಗಿಯಿತು. ನೆರೆಯ ಪೊಕುವಾ, ಅಧಿಕಾರಿ ಬರುತ್ತಾರೆಂದು ಕೇಳಿ, ತನ್ನ ಸೋಫಾ, ಗೋಡೆ ಗಡಿಯಾರ, ಸಾಲದೆಂದು ತಣ್ಣಗಾಗದ ಒಂದು ಫ್ರಿಜ್ಜನ್ನೂ ಹೊರಿಸಿಕೊಂಡು ಬಂದಿಟ್ಟಳು. ನಾನು ಭಟ್ಟಿಯ ಹತ್ತಿರ ಇದ್ದೆ, ಗೊತ್ತೇ ಆಗಲಿಲ್ಲ. ಶ್ರೀಮತಿ ಲಾಮ್ಟೆ ಫ್ರಿಜ್ ತೆರೆದರು. ಒಳಗೆ ಪೊಕುವಾಳ ಗಂಡನ ಮಡಚಿದ ಅಂಗಿಗಳಿದ್ದವು.

"ಇದು ಯಾರ್ದು?" ಎಂದರು.

"ಪಕ್ಕದ ಮನೇದು. ಫ್ರಿಜ್ಜೂ ಅಷ್ಟೇ, ಸೋಫಾನೂ ಅಷ್ಟೇ. ನನ್ನದು ಅಂದ್ರೆ ಆ ಎರಡು ಬೆಂಚು, ಆ ಮಂಚ. ಬರ್ಕೊಳ್ಳಿ," ಎಂದೆ. ಅವರೆದುರಿಗೇ ಎಲ್ಲವನ್ನೂ ವಾಪಸು ಹೊರಿಸಿದೆ. ಪೊಕುವಾ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಲಾಮ್ಟೆ ಮಾತ್ರ ಮೊದಲ ಸಲ ನಕ್ಕರು.

ಭಾನುವಾರಗಳಲ್ಲಿ ಅಕುವಾಳನ್ನು ನೋಡಲು ಬಿಡುತ್ತಾರೆ. ಮೊದಲ ವಾರ ನನ್ನ ಬೆರಳು ಕಚ್ಚಿದಳು. ಎರಡನೇ ವಾರ ಬ್ರೆಡ್ಡಿನ ಸಿಪ್ಪೆ ತಾನು ತಿಂದು, ಮೆತ್ತಗಿನದ್ದನ್ನು ನನ್ನ ಬಾಯಿಗೆ ತುರುಕಿದಳು. ಮಾತು ಇನ್ನೂ ಆಡುವುದಿಲ್ಲ.

ಜಗಳದಲ್ಲಿ ಯಾರೋ ಮುಖಕ್ಕೆ ಹೇಳುತ್ತಾರೆ ಎಂದು ಬರೆದಿದ್ದೀರಿ. ಫಾರಮ್ಮಿನಲ್ಲೂ ಅದೇ ಪ್ರಶ್ನೆ ಇದೆ, ಮಗುವಿಗೆ ಅದರ ಮೂಲವನ್ನು ಯಾವಾಗ ಹೇಳುತ್ತೀರಿ ಎಂದು. ಪರರ ಮೂಲವನ್ನು ಪರರು ಎತ್ತಬಾರದು ಎಂಬುದು ನಮ್ಮ ಹಿರಿಯರ ಕಟ್ಟಳೆ, ನನಗೂ ಗೊತ್ತು. ಆದರೆ ನಾನು ಅವಳಿಗೆ ಪರಕೀಯಳಲ್ಲ. "ಪ್ರಶ್ನೆ ಅರ್ಥವಾಗುವ ದಿನ ನಾನೇ ಹೇಳುತ್ತೇನೆ" ಎಂದು ಬರೆದಿದ್ದೇನೆ.

ನೀವು ಬೇಡವೆನ್ನಿ. ನಾನು ಬೇಕೆನ್ನುತ್ತೇನೆ. ನೋಡೋಣ.

ದುಫಿ

*

ಅಸೆಮ್‌ಕ್ರೊಮ್
2 ಮೇ 1999

ಮಗಳು ದುಫಿಗೆ ಅವ್ವ ಹೇಳಿ ಬರೆಸಿದ್ದು.

ನಿನ್ನ ಆಫೀಸಿನ ಹೆಂಗಸು ಬಂದಿತ್ತು ಕಣೇ. ಅಣ್ಣ ಪಕ್ಕದೂರಿಗೆ ಸಾವಿಗೆ ಅಂತ ಹೋಗಿದ್ದ, ಒಳ್ಳೇದೇ ಆಯ್ತು. ಅವನಿದ್ದಿದ್ರೆ ಮೂತಿ ಗಂಟು ಹಾಕ್ಕೊಂಡು ಕೂರ್ತಿದ್ದ. ಕೂರಿಸಿ ನೀರು ಕೊಟ್ಟೆ, ಬಂದ ಕೆಲಸ ಏನು ಅಂತ ಕೇಳ್ದೆ. ಪಾಪ, ಕಾಲು ಊದಿತ್ತು ಅದಕ್ಕೆ. ಫುಫು ಮುದ್ದೆ ಕುಟ್ಟಿಸಿ, ತಾಳೆಕಾಯಿ ಸಾರು ಮಾಡ್ಸಿ ಬಡಿಸ್ದೆ. ಚೆನ್ನಾಗಿ ತಿಂತು.

ತಿಂದು ಕೈ ತೊಳೆದು ಏನು ಕೇಳ್ತು ಗೊತ್ತಾ? "ಅಜ್ಜೀ, ಆ ಮಗು ಯಾರ್ದೋ ಏನೋ ಗೊತ್ತಿಲ್ಲ. ನಿಮ್ಮ ಮನೆಗೆ ಸೇರಿಸ್ಕೋತೀರಾ?" ಅಂತು. ಮನೆಗೆ ಬರೋ ಮಗೂನ ಯಾರ್ದು ಅಂತ ನಮ್ಮ ಅಂಗಳದಲ್ಲೇ ಕೂತು ಕೇಳೋದಾ? ಅಕ್ಕಪಕ್ಕದೋರ ಕಿವಿ ಗೋಡೆಗೇ ಅಂಟ್ಕೊಂಡಿತ್ತು. ನಂಗೆ ಮೈಯೆಲ್ಲ ಉರೀತು. "ಯಾರ್ದೋ ಅಂದ್ರೇನಮ್ಮ? ನನ್ನ ಮಗಳು ದುಫಿ ಹೆತ್ತಿದ್ದು. ಈ ಕೈಯಲ್ಲೇ ಹೊಕ್ಕುಳಬಳ್ಳಿ ಕೊಯ್ದಿದೀನಿ," ಅಂದೆ. ಅದು ಪೆನ್ನು ಹಿಡ್ಕೊಂಡು ಕಣ್ಣು ಕಣ್ಣು ಬಿಡ್ತು. ಇನ್ನೊಂದ್ಸಲ ಕೇಳ್ತು. ಇನ್ನೊಂದ್ಸಲ ಹೇಳ್ದೆ.

ನಿನ್ನ ಕೆಲಸ ಆಯ್ತು ಅಂತ ತಿಳ್ಕೋ. ಹೆದರ್ಬೇಡ. ಬರೋವಾಗ ಸಕ್ಕರೆ ಬ್ರೆಡ್ಡು ಎರಡು ತಾ.

ಅವ್ವ

(ಬರೆದುಕೊಟ್ಟವಳು ಪಾದ್ರಿಯವರ ಹೆಂಡತಿ. ಹೇಳಿದ್ದನ್ನು ಹೇಳಿದ ಹಾಗೆ ಬರೆದಿದ್ದೇನೆ. ಅಧಿಕಾರಿಗೆ ಸುಳ್ಳು ಹೇಳಬಾರದಿತ್ತು ಎಂದೆ. ನನಗೆ ಬೈದರು.)

*

ಕುಮಾಸಿ
6 ಜೂನ್ 1999

ಅಣ್ಣನಿಗೆ,

ಅವ್ವ ಏನು ಮಾಡಿದಳೆಂದು ನಿಮಗೆ ಇಷ್ಟರಲ್ಲಿ ತಿಳಿದಿರುತ್ತದೆ. ಅದರ ಫಲ ಏನಾಯಿತೆಂದು ಹೇಳುತ್ತೇನೆ.

ನನ್ನ ಕಡತವನ್ನು ನಿಲ್ಲಿಸಿದ್ದಾರೆ. ಅಜ್ಜಿಯ ಮಾತು ನಿಜವಾದರೆ ನಾನು ಹೆತ್ತ ಕೂಸನ್ನು ಲಾರಿ ನಿಲ್ದಾಣದಲ್ಲಿ ಎಸೆದವಳು, ಪೊಲೀಸರಿಗೆ ಒಪ್ಪಿಸಬೇಕಾದವಳು. ಸುಳ್ಳಾದರೆ ನಾವು ಅಧಿಕಾರಿಯ ಮುಂದೆ ಸುಳ್ಳಾಡುವ ಮನೆಯವರು, ಮಗುವನ್ನು ಹೇಗೆ ನಂಬಿ ಕೊಡುವುದು? ಲಾಮ್ಟೆ ಕೆಟ್ಟವರಲ್ಲ. "ನಾನೇನು ಬರೀಲಿ ದುಫಿ, ನೀವೇ ಹೇಳಿ," ಎಂದು ಹಣೆ ಒತ್ತಿಕೊಂಡರು. ಗಾ ಜನದವರಿಗೆ ಈ ಕಟ್ಟಳೆಯ ಬಿಗಿ ಗೊತ್ತಿಲ್ಲ. ನಾನು ವಿವರಿಸಿದರೆ, ನಿನ್ನ ಮಾತಿಗೆ ಏನು ಬೆಲೆ ಎನ್ನುವಂತೆ ನೋಡುತ್ತಾರೆ.

ಆಸ್ಪತ್ರೆಗೆ ಕಳಿಸಿದರು, ನಾನು ಯಾವತ್ತಾದರೂ ಹೆತ್ತಿದ್ದೇನೆಯೇ ಎಂದು ನೋಡಲು. ಹೋದೆ. ನಲವತ್ತನಾಲ್ಕನೇ ವಯಸ್ಸಿನಲ್ಲಿ ಮಂಚದ ಮೇಲೆ ಮಲಗಿ, ನಾನು ಬಂಜೆ ಎಂದು ಡಾಕ್ಟರ ಕೈಯಲ್ಲಿ ಬರೆಸಿಕೊಂಡು ಬಂದೆ. ನಾಚಿಕೆಯಾಯಿತು, ಸುಳ್ಳು ಹೇಳುವುದಿಲ್ಲ. ಚೀಟಿಯನ್ನು ಮೇಜಿನ ಮೇಲೆ ಇಟ್ಟು, "ಇನ್ನೇನು ಬಿಚ್ಚಬೇಕು ಹೇಳಿ," ಎಂದೆ. ಪೊಲೀಸಿನ ಭಯ ಅಷ್ಟಕ್ಕೆ ತೀರಿತು. ಸುಳ್ಳಿನ ಮಾತು ಹಾಗೇ ಉಳಿದಿದೆ.

ಅವ್ವನಿಗೆ ಹೇಳಿ ಕಳಿಸಿದೆ, ಮಾತು ಹಿಂದಕ್ಕೆ ತೆಗೆದುಕೋ ಎಂದು. ಆಟಾ ತಂದ ಉತ್ತರ: "ಉಗಿದ ಎಂಜಲನ್ನ ಈ ವಯಸ್ಸಲ್ಲಿ ನೆಕ್ಕಲ್ಲ."

ಜುಲೈ ಹತ್ತರೊಳಗೆ ಕುಲದ ಯಜಮಾನ ಬರೆದು ಕೊಡಬೇಕು, ಅಜ್ಜಿ ಯಾಕೆ ಹಾಗೆಂದಳು, ಈ ಮನೆಯ ಮಾತನ್ನು ಯಾಕೆ ನಂಬಬೇಕು ಎಂದು. ಇಲ್ಲವಾದರೆ ಕಡತ ಮುಚ್ಚುತ್ತಾರೆ, ಅಕುವಾಳನ್ನು ಬೇರೆ ಊರಿನ ಅನಾಥಾಲಯಕ್ಕೆ ಕಳಿಸುತ್ತಾರೆ. ಹೋದ ಭಾನುವಾರ ನಾನು ಹೊರಡುವಾಗ ನನ್ನ ಚಪ್ಪಲಿ ಬಚ್ಚಿಟ್ಟಳು. ಬರಿಗಾಲಲ್ಲಿ ಬಂದೆ.

ನಿಮಗೆ ಇದು ಇಷ್ಟವಿಲ್ಲವೆಂದು ಗೊತ್ತು. ಬೇಡಿಕೊಳ್ಳುವುದಿಲ್ಲ. ನೀವು ಸುಮ್ಮನಿದ್ದರೂ ನಾನು ಸುಮ್ಮನಿರುವುದಿಲ್ಲ. ಮೇಲಿನ ಕಚೇರಿಗೆ ಹೋಗುತ್ತೇನೆ, ಅದರ ಮೇಲಿನದಕ್ಕೂ ಹೋಗುತ್ತೇನೆ. ಆದರೆ ಅಷ್ಟರಲ್ಲಿ ಮಗು ನನ್ನನ್ನು ಮರೆತಿರುತ್ತದೆ.

ದುಫಿ

*

ಅಸೆಮ್‌ಕ್ರೊಮ್
4 ಜುಲೈ 1999

ಶ್ರೀಮತಿ ಲಾಮ್ಟೆ ಅವರಿಗೆ,

ಮಾನ್ಯರೇ, ನಾನು ದುಫಿಯ ಅಣ್ಣ, ನಮ್ಮ ಕುಲದ ಯಜಮಾನ. ನೀವು ಊರಿಗೆ ಬಂದ ದಿನ ನಾನಿರಲಿಲ್ಲ. ಇದ್ದಿದ್ದರೆ ಈ ದತ್ತು ಬೇಡವೆಂದು ಹೇಳುತ್ತಿದ್ದೆ. ಆ ಮಾತನ್ನು ಈಗ ಹಿಂದಕ್ಕೆ ತೆಗೆದುಕೊಂಡಿದ್ದೇನೆ.

ನನ್ನ ತಾಯಿ ನಿಮಗೆ ಹೇಳಿದ್ದು ನಡೆದ ಸಂಗತಿಯಲ್ಲ. ಆದರೆ ನಿಮ್ಮನ್ನು ಮೋಸಗೊಳಿಸಲು ಹೇಳಿದ್ದೂ ಅಲ್ಲ. ನಮ್ಮಲ್ಲಿ ಒಬ್ಬರ ಮೂಲವನ್ನು ಇನ್ನೊಬ್ಬರು ಎತ್ತಬಾರದೆಂಬ ಕಟ್ಟಳೆಯಿದೆ. ಒಳಗೆ ಬಂದವರನ್ನು ಎಲ್ಲಿಂದ ಬಂದೆ ಎಂದು ಕೇಳುವುದಿಲ್ಲ. ಕೇಳಿದವರಿಗೆ ನಮ್ಮ ತಾಯಂದಿರು ಕೊಡುವ ಉತ್ತರ ಒಂದೇ, ನಾನೇ ಹೆತ್ತದ್ದು ಎಂದು. ಅವಳು ಆ ಉತ್ತರ ಕೊಟ್ಟದ್ದು ಇದು ಮೊದಲ ಸಲವಲ್ಲ. ಇದಕ್ಕೆ ನಿಮಗೆ ಪುರಾವೆ ಬೇಕು. ಪರರದ್ದನ್ನು ನಾನು ಹೇಳುವಂತಿಲ್ಲ. ನನ್ನದನ್ನು ನಾನು ಹೇಳಬಹುದು ಎಂದು ತಿಳಿದಿದ್ದೇನೆ.

1939ರಲ್ಲಿ ಉತ್ತರದಿಂದ ಕೊಕೊ ತೋಟದ ಕೂಲಿಗೆ ಬಂದ ಒಬ್ಬ ಹೆಂಗಸು ತೋಟದಲ್ಲೇ ಹೆತ್ತು ಸತ್ತಳು. ಅವಳ ಹೆಸರು ನನಗೆ ತಿಳಿಯದು. ಮದುವೆಯಾಗಿ ಮೂರು ವರ್ಷವಾದರೂ ಬಸಿರಾಗದ ನನ್ನ ತಾಯಿ ಆ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಊರಿಗೆ ಬಂದಳು. ಯಾರದ್ದೆಂದು ಕೇಳಿದವರಿಗೆ, ತೋಟದಲ್ಲಿ ನಾನೇ ಹೆತ್ತೆ ಎಂದಳು. ಅವಳ ಹೊಟ್ಟೆ ಆವರೆಗೂ ಚಪ್ಪಟೆಯಾಗಿಯೇ ಇದ್ದುದನ್ನು ಇಡೀ ಊರು ಕಂಡಿತ್ತು. ಯಾರೂ ಎರಡನೇ ಪ್ರಶ್ನೆ ಕೇಳಲಿಲ್ಲ. ಆ ಕೂಸು ನಾನು. ಕ್ವಾಕು ಎಂದರೆ ಬುಧವಾರದವನು. ಅದು ನಾನು ಹುಟ್ಟಿದ ವಾರವಲ್ಲ, ಅವಳು ನನ್ನನ್ನು ಎತ್ತಿಕೊಂಡ ವಾರ.

ಇದನ್ನು ನನಗೆ ಹೇಳಿದ್ದು ತಾಯಿಯಲ್ಲ. ಹದಿನಾಲ್ಕನೇ ವಯಸ್ಸಿನಲ್ಲಿ, ನೀರಿನ ಹತ್ತಿರ ನಡೆದ ಜಗಳದಲ್ಲಿ, ಒಬ್ಬ ಹೆಂಗಸು ಸಿಟ್ಟಿನಲ್ಲಿ ಹೇಳಿದಳು. ಹಿರಿಯರು ಅವಳನ್ನು ದಂಡಿಸಿದರು. ನಾನು ಮನೆಗೆ ಬಂದು ಊಟ ಮಾಡಿದೆ, ತಾಯಿಯನ್ನು ಏನೂ ಕೇಳಲಿಲ್ಲ. ನಲವತ್ತಾರು ವರ್ಷವಾಯಿತು, ಇನ್ನೂ ಕೇಳಿಲ್ಲ. ನನ್ನ ತಂಗಿಯರಿಗೂ ಇದು ತಿಳಿಯದು. ನಿಮ್ಮ ಫಾರಮ್ಮಿನಲ್ಲಿ ದುಫಿ, ಮಗುವಿಗೆ ನಾನೇ ಹೇಳುತ್ತೇನೆ ಎಂದು ಬರೆದಿದ್ದಾಳಂತೆ. ಆ ಒಂದು ಸಾಲಿಗಾಗಿ ನಾನು ಈ ಪತ್ರ ಬರೆಯುತ್ತಿದ್ದೇನೆ.

ನಮ್ಮ ಮನೆ ಒಳಗೆ ಬಂದ ಮಗುವನ್ನು ಹೇಗೆ ನೋಡಿಕೊಳ್ಳುತ್ತದೆ ಎಂದು ನಿಮಗೆ ತಿಳಿಯಬೇಕಲ್ಲವೇ? ನನ್ನನ್ನು ಓದಿಸಿತು, ಮದುವೆ ಮಾಡಿತು, ಕೊನೆಗೆ ಕುಲದ ಯಜಮಾನನ ಪೀಠದ ಮೇಲೆ ಕೂರಿಸಿತು. ಆ ಪೀಠ ಕುಲದ ರಕ್ತದವರಿಗೆ ಮಾತ್ರ ಸಲ್ಲುವುದು. ಇದನ್ನು ಓದಿದ ಮೇಲೆ ಅದನ್ನು ಕಿತ್ತುಕೊಳ್ಳುವವರಿದ್ದರೆ ಕಿತ್ತುಕೊಳ್ಳಲಿ. ಹಿಂದೆ ಮುಂದೆ ಪಿಸುಗುಟ್ಟುವುದು ಬೇಡವೆಂದು ಇದರ ಪ್ರತಿಯನ್ನು ಹಿರಿಯರ ಸಭೆಯಲ್ಲಿ ನಾನೇ ಓದಲಿದ್ದೇನೆ.

ಅಕುವಾಳನ್ನು ನಮ್ಮ ಕುಲ ಒಪ್ಪುತ್ತದೆ. ಯಜಮಾನನಾಗಿ ಹೇಳುತ್ತಿದ್ದೇನೆ, ನಾನು ಯಜಮಾನನಾಗಿರುವವರೆಗೆ.

ಇಂತು
ಕ್ವಾಕು ಅಜೆಕುಮ್
ನಿವೃತ್ತ ಮುಖ್ಯೋಪಾಧ್ಯಾಯ

*

ಕುಮಾಸಿ
15 ಆಗಸ್ಟ್ 1999

ಅಣ್ಣಾ,

ಮೂರು ಪತ್ರ ಬರೆದು ಹರಿದೆ. ಇದನ್ನು ಹರಿಯುವುದಿಲ್ಲ.

ನಿಮ್ಮ ಪತ್ರವನ್ನು ಲಾಮ್ಟೆ ನನ್ನ ಮುಂದೆ ಇಟ್ಟು ಕೋಣೆಯಿಂದ ಹೊರಗೆ ಹೋದರು. ಓದಿ ಮುಗಿಸಿದಾಗ ನನಗೆ ನಿಮ್ಮ ಮೇಲೆ ತಡೆಯಲಾರದ ಸಿಟ್ಟು ಬಂತು. ನಲವತ್ತಾರು ವರ್ಷ ಒಬ್ಬರೇ ಹೊತ್ತುಕೊಂಡು ತಿರುಗಿದಿರಿ. ನಾನು ನಿಮ್ಮ ತಟ್ಟೆಯಲ್ಲಿ ಕೈ ಹಾಕಿ ಉಂಡು ಬೆಳೆದವಳು. ನಿಮ್ಮ ಹೆಗಲ ಮೇಲೆ ಕೂತು ಶಾಲೆಗೆ ಹೋದವಳು. ನನಗೊಂದು ಮಾತು ಹೇಳಬಾರದಿತ್ತೇ? ಆಮೇಲೆ ಅತ್ತೆ. ಕಚೇರಿಯ ಜವಾನ ನೀರು ತಂದುಕೊಟ್ಟ.

ಅವ್ವನ ಮೇಲೆ ನನಗೆ ಸಿಟ್ಟಿಲ್ಲ. ನೀವೂ ಮಾಡಿಕೊಳ್ಳಬೇಡಿ.

ಲಾಮ್ಟೆ ವರದಿಗೆ ಸಹಿ ಹಾಕಿದರು, ಮಗುವನ್ನು ಕೊಡಬಹುದೆಂದು. "ನನ್ನ ಇಪ್ಪತ್ತು ವರ್ಷದ ಕೆಲಸದಲ್ಲಿ ಇಂಥಾ ಮನೆ ನೋಡಿಲ್ಲ," ಎಂದರು. ಹೊಗಳಿಕೆಯೋ ಬೈಗುಳವೋ ಕೇಳಲಿಲ್ಲ. ಅಕ್ಟೋಬರ್ ಆರಕ್ಕೆ ಕೋರ್ಟು.

ಸಭೆಯಲ್ಲಿ ಓದುತ್ತೇನೆ ಎಂದಿದ್ದೀರಿ. ಓದಬೇಡಿ ಎನ್ನಲು ನನಗೆ ಮನಸ್ಸಿಲ್ಲ. ಯಾರಾದರೂ ನಿಮ್ಮನ್ನು ಏಳು ಎಂದರೆ ನನಗೆ ಹೇಳಿ ಕಳಿಸಿ. ನಾನು ಬಂದು ಆ ಪೀಠದ ಮುಂದೆ ಮಲಗುತ್ತೇನೆ, ಮೊದಲು ನನ್ನನ್ನು ದಾಟಲಿ.

ನಿಮ್ಮ ತಂಗಿ, ಎಂದೆಂದಿಗೂ
ದುಫಿ

*

ಅಸೆಮ್‌ಕ್ರೊಮ್
10 ಅಕ್ಟೋಬರ್ 1999

ದುಫಿ,

ಕೋರ್ಟು ಆದೇಶ ಕೊಟ್ಟ ಸುದ್ದಿಯನ್ನು ಆಟಾ ಹಾರನ್ ಹೊಡೆದುಕೊಂಡೇ ತಂದ. ಪಾದ್ರಿಯವರ ಹೆಂಡತಿ ಎರಡು ಸಲ ಅತ್ತಳು. ಅವ್ವ ಮಾತ್ರ, ಇದರಲ್ಲೇನು ಹೊಸದು ಎನ್ನುವಂತೆ ಕೂತಿದ್ದಳು.

ಸಭೆ ನಿನ್ನೆ ನಡೆಯಿತು. ನಿನ್ನನ್ನು ಕರೆಯಲಿಲ್ಲ ಎಂದು ಬೈಯಬೇಡ. ನಾನೊಬ್ಬನೇ ಎದುರಿಸಬೇಕೆಂದಿದ್ದೆ, ಅದೂ ಆಗಲಿಲ್ಲ.

ಪತ್ರವನ್ನು ನಿಂತು ಓದಿದೆ. ಓದಿ ಮುಗಿಸುತ್ತಲೇ ಹಿರಿಯರ ನಡುವಿನಿಂದ ಅಡೊಮಾಕೊ ಎದ್ದ. ಅವನ ಕಣ್ಣು ಪೀಠದ ಮೇಲೆ ಮೊದಲಿನಿಂದಲೂ ಇದೆ, ನಿನಗೆ ಗೊತ್ತು. "ಮೇಷ್ಟ್ರು ದೊಡ್ಡ ಮನುಷ್ಯರು. ಆದ್ರೆ ಅವರೇ ಓದಿ ಹೇಳಿದಾರಲ್ಲ, ಇನ್ನು ನಾವೇನು ಮಾಡೋಕಾಗುತ್ತೆ. ಮುದುಕೀನ ಕೇಳಿ ಬರ್ತೀವಿ," ಎಂದ. ತೀರ್ಪಿಗೆ ಮುಂಚೆ ಹಿರಿಯರು ಹಾಗೆ ಹೇಳಿ ಮರೆಗೆ ಹೋಗುವುದು ವಾಡಿಕೆಯಲ್ಲವೇ, ಅಲ್ಲಿ ಯಾವ ಮುದುಕಿಯೂ ಇರುವುದಿಲ್ಲ, ಇವರೇ ಪಿಸುಗುಟ್ಟಿಕೊಂಡು ಬರುತ್ತಾರೆ. ಎಲ್ಲರೂ ಏಳುತ್ತಿದ್ದರು.

"ಯಾವ ಮುದುಕೀನ ಕೇಳೋಕೆ ಹೋಗ್ತೀರೋ? ನಾನಿಲ್ಲೇ ಇದೀನಿ," ಎಂದು ಬಾಗಿಲಲ್ಲಿ ಕೇಳಿಸಿತು. ಅವ್ವ. ಕೋಲೂರಿಕೊಂಡು ಬಂದು ನಡುವೆ ಕೂತಳು. "ಕ್ವಾಕು, ಏನೋ ಓದ್ದೆಯಂತೆ. ಇನ್ನೊಂದ್ಸಲ ಓದು."

ಓದಿದೆ. ಅವಳ ಎದುರಿಗೆ, ಆ ಹೆಸರು ತಿಳಿಯದ ಹೆಂಗಸಿನ ಮಾತೂ ಸೇರಿ. ನಾನು ಹದಿನಾಲ್ಕನೇ ವಯಸ್ಸಿನಿಂದ ಕೇಳದ ಪ್ರಶ್ನೆಯನ್ನು ಊರಿನ ಮುಂದೆ ಕೇಳಿದಂತಾಯಿತು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಮುಗಿದ ಮೇಲೆ ಸಭೆಯ ಕಡೆ ತಿರುಗಿದಳು.

"ಕ್ವಾಕೂನ ಹೆತ್ತೋಳು ನಾನು. ಪರರ ಮೂಲ ಎತ್ತಿದೋರು ಒಂದು ಕುರಿ ದಂಡ ಕೊಡ್ಬೇಕು, ಕಾನೂನು ಇದೆಯೋ ಇಲ್ವೋ?"

"ಇದೆ," ಎಂದರು ಯಾರೋ.

"ನನ್ನ ಮಗನ ಮೂಲ ಎತ್ತಿದಾನೆ ಇವನು. ಕುರಿ ಕೊಡ್ಲಿ."

"ಅಲ್ಲ ಅಕ್ಕ, ಆ ಮಗ ಇವನೇ ಅಲ್ವಾ?" ಎಂದ ಅಡೊಮಾಕೊ.

"ಆದ್ರೇನು? ಹುಟ್ಟೋವಾಗ ಏನಾಯ್ತು ಅಂತ ಇವನಿಗೇನು ಗೊತ್ತು? ಇವನು ಕಣ್ಣು ಬಿಟ್ಟಿದ್ನಾ? ಅಲ್ಲಿದ್ದೋಳು ನಾನು. ನಿಮ್ಮಲ್ಲಿ ಯಾರಾದ್ರೂ ಇದ್ರಾ? ಇದ್ದೋರು ಎದ್ದು ಹೇಳಿ."

ಯಾರು ಏಳುತ್ತಾರೆ? ಆ ದಿನ ಇದ್ದವರೆಲ್ಲ ಮಣ್ಣಾಗಿದ್ದಾರೆ. ಸಭೆಗೆ ಬೇರೆ ದಾರಿಯಿರಲಿಲ್ಲ. ನನ್ನ ಮೂಲವನ್ನು ಎತ್ತಿದ ತಪ್ಪಿಗೆ ನನಗೇ ದಂಡ ಹಾಕಿದರು. ಕುರಿ ಕೊಟ್ಟೆ. ಪೀಠ ನನ್ನದೇ ಉಳಿಯಿತು. ಹೊರಗೆ ಬರುವಾಗ ಅವ್ವ ನನ್ನ ತೋಳು ಹಿಡಿದು ಇಷ್ಟೇ ಹೇಳಿದಳು, "ತೋಟದಲ್ಲಿ ಅವಳು ತುಂಬಾ ಹೊತ್ತು ನಿನ್ನನ್ನ ನೋಡಿದ್ಳು ಕಣೋ. ನೋಡಿಯೇ ಕಣ್ಣು ಮುಚ್ಚಿದ್ಳು." ಅರವತ್ತು ವರ್ಷಕ್ಕೆ ಅದೊಂದು ಮಾತು. ನನಗೆ ಸಾಕಾಯಿತು.

ಆದರೆ ಅದು ಆಮೇಲೆ. ಅದಕ್ಕೆ ಮುಂಚೆ, ಸಭೆ ಮುಗಿಯುವ ಹೊತ್ತಿಗೆ, ಅಡೊಮಾಕೊ ಇನ್ನೊಂದು ಸಲ ಎದ್ದಿದ್ದ. "ಸರಿ, ಇವರದ್ದು ಆಯ್ತು. ಆ ಕುಮಾಸಿ ಹುಡುಗಿ, ದುಫಿ ತರ್ತಿರೋದು, ಅದು ನಿಜವಾಗ್ಲೂ ಯಾರ..." ಎಂದ.

ಅವ್ವ ಕೋಲಿನ ಮೇಲೆ ಗದ್ದ ಊರಿ ಅವನನ್ನು ನೋಡಿದಳು.

"ಅಡೊಮಾಕೊ, ನಿನ್ನ ಹಟ್ಟೀಲಿ ಕುರಿ ಎಷ್ಟಿವೆ?"

ಅವನು ಕೂತ. ಬರುವ ಶನಿವಾರ ಮಗುವನ್ನು ಕರೆದುಕೊಂಡು ಮನೆಗೆ ಬಾ.

ನಿನ್ನ ಅಣ್ಣ
ಕ್ವಾಕು